ಹೊಕ್ಕುಳಿನಿಂದ ತೋಳಿಗೆ

ಹುಚ್ಚುನಾಯಿ ಕಚ್ಚಿತೆಂದರೆ ಹೊಕ್ಕುಳಿನ ಸುತ್ತ ಹದಿನಾಲ್ಕು ಸೂಜಿ ಎಂಬ ಮಾತು ಜನರ ನಾಲಗೆಯಿಂದ ಇನ್ನೂ ಇಳಿದಿಲ್ಲ. ಆ ಭೀತಿಯಿಂದಲೇ ನಾಯಿ ಪರಚಿದ್ದನ್ನು ಮಕ್ಕಳು ತಾಯಿತಂದೆಯರಿಂದ ಮರೆಮಾಚುವುದುಂಟು. ದೊಡ್ಡವರೂ 'ನಾಳೆ ನೋಡೋಣ' ಎಂದು ಸುಮ್ಮನಾಗುವುದುಂಟು. ರೇಬೀಸ್ ರೋಗದ ಲಕ್ಷಣಗಳು ತೋರಿದ ಮೇಲೆ ಉಳಿದವರಾದರೋ ಅತಿ ವಿರಳ.

ಒಂದು ಕಾಲಕ್ಕೆ ಆ ಮಾತು ನಿಜವೇ ಆಗಿತ್ತು. 1885ರ ಜುಲೈ 6ರಂದು ಪ್ಯಾರಿಸಿನಲ್ಲಿ ಲೂಯಿ ಪಾಶ್ಚರನ ಲಸಿಕೆಯನ್ನು 9 ವರ್ಷದ ಜೋಸೆಫ್ ಮೈಸ್ಟರನಿಗೆ ಚುಚ್ಚಿದ್ದು ಪಕ್ಕೆಲುಬಿನ ಕೆಳಗೆ, ಹೊಟ್ಟೆಯ ಚರ್ಮದ ಮಡಿಕೆಯಲ್ಲಿ. ಮುಂದೆ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಲಸಿಕೆ ಭಾರತದಲ್ಲೆಲ್ಲ ಬಳಕೆಗೆ ಬಂದಿತು. ಕುರಿಯ ಮೆದುಳಿನಿಂದ ತಯಾರಾದ ಆ ಮದ್ದನ್ನು ದಿನದಿನವೂ ಹೆಚ್ಚು ಪ್ರಮಾಣದಲ್ಲಿ ಕೊಡಬೇಕಾಗಿತ್ತು. ಹೊಟ್ಟೆಗೂ ರೋಗಕ್ಕೂ ನಂಟೇನೂ ಇರಲಿಲ್ಲ. ಅಷ್ಟು ದ್ರವವನ್ನು ತಾಳಿಕೊಳ್ಳುವಂತಹ ಸಡಿಲ ಚರ್ಮದ ವಿಶಾಲ ಸ್ಥಳ ಅದಾಗಿತ್ತು, ಅಷ್ಟೆ. ನೋವು ಒಂದು ಕಡೆಯಾದರೆ, ಕೆಲವರಿಗೆ ಲಸಿಕೆಯಿಂದಲೇ ಪಾರ್ಶ್ವವಾಯು ತಗಲುತ್ತಿದ್ದುದು ಇನ್ನೊಂದು ಕಡೆ. 2004ರ ಕೊನೆಗೆ ಭಾರತದಲ್ಲಿ ಅದರ ತಯಾರಿಕೆ ನಿಂತಿತು.

ಈಗಿನ ಲಸಿಕೆ ಜೀವಕೋಶಗಳಲ್ಲಿ ಬೆಳೆಸಿದ ವೈರಸ್ಸಿನಿಂದ ಆದುದು. ಅದರ ಸ್ಥಾನ ತೋಳಿನ ಮೇಲ್ಭಾಗದ ಸ್ನಾಯು. ಎರಡು ವರ್ಷದೊಳಗಿನ ಕೂಸುಗಳಿಗೆ ತೊಡೆಯ ಮುಂಭಾಗದ ಹೊರಮಗ್ಗುಲು. ಚರ್ಮದ ಪದರದೊಳಕ್ಕೇ ಕೊಡುವ ಇನ್ನೊಂದು ಕ್ರಮದಲ್ಲಿ ಎರಡು ತೋಳಿಗೂ 0.1 ಮಿಲಿಲೀಟರಿನಂತೆ, ಮೊದಲ ದಿನ ಮತ್ತು ಅಲ್ಲಿಂದ 3, 7, 28ನೆಯ ದಿನಗಳಲ್ಲಿ ಹಾಕುತ್ತಾರೆ. ಹದಿನಾಲ್ಕೆಲ್ಲಿ, ನಾಲ್ಕು ಭೇಟಿಯೆಲ್ಲಿ!

ಸೂಜಿಯೆಂದೊಡನೆ ಮಗ್ಗುಲಾಗಿ ಮಲಗಿ ಪೃಷ್ಠವನ್ನು ಒಡ್ಡುವ ಅಭ್ಯಾಸ ಬಹಳ ಮಂದಿಗೆ. ಈ ಲಸಿಕೆಗೆ ಆ ಮರ್ಯಾದೆ ಸಲ್ಲದು. ಅಲ್ಲಿಯ ಕೊಬ್ಬಿನಲ್ಲಿ ಮದ್ದು ಸಿಕ್ಕಿಕೊಂಡು, ದೇಹದಲ್ಲಿ ಪ್ರತಿಕಾಯಗಳು ಸಾಕಷ್ಟು ಹುಟ್ಟದೆ ಹೋಗಬಹುದು. ಹಾಗೆ ಲಸಿಕೆ ಪಡೆದೂ ರೋಗಕ್ಕೆ ತುತ್ತಾದವರ ಉದಾಹರಣೆಗಳು ವೈದ್ಯರ ದಾಖಲೆಗಳಲ್ಲಿವೆ.

ಗಾಯದೊಳಕ್ಕೇ ಹಾಕುವ ಸೂಜಿಯೊಂದಿದೆ, ಅದು ಲಸಿಕೆಯಲ್ಲ. ಲಸಿಕೆಯಿಂದ ಪ್ರತಿಕಾಯಗಳು ಮೂಡಲು ಒಂದು ವಾರಕ್ಕೂ ಮಿಗಿಲಾಗಿ ಹಿಡಿಯುವುದರಿಂದ, ಹಲ್ಲು ನಾಟಿ ರಕ್ತ ಬಂದಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಸಿದ್ಧ ಪ್ರತಿಕಾಯಗಳ ದ್ರವವನ್ನು ಗಾಯದಲ್ಲೂ ಅದರ ಸುತ್ತಲೂ ತುಂಬುತ್ತಾರೆ. ಲಸಿಕೆ ಹಾಕಿದೆಡೆಯಲ್ಲಿ ಇದನ್ನು ಹಾಕುವಂತಿಲ್ಲ. ಇವೆರಡಕ್ಕೂ ಮೊದಲು, ವೈದ್ಯನಿಗಾಗಿ ಕಾಯದೆ, ಮನೆಯವರೇ ಮಾಡಬೇಕಾದ ಕೆಲಸವೊಂದುಂಟು: ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ಗಾಯವನ್ನು ತೊಳೆಯುವುದು. ಸುಣ್ಣ, ಅರಿಶಿನ, ಮೆಣಸಿನಪುಡಿಗಳಿಗೆ ಅಲ್ಲಿ ಕೆಲಸವಿಲ್ಲ.