ಲಾರಿ ಚಾಲಕರ ನಾಯಿಯನ್ನು ಗೇಟಿನಲ್ಲಿ ತಡೆಯಬೇಕೆ?



ನಮ್ಮ ಗೋದಾಮಿಗೆ ಅಡಿಕೆ ತುಂಬಿಕೊಳ್ಳಲು ಬರುವ ದೂರದ ಲಾರಿಗಳ ಪೈಕಿ ಕೆಲವದರಲ್ಲಿ ಚಾಲಕರು ನಾಯಿ ಸಾಕಿಕೊಂಡು ಬರುತ್ತಿದ್ದಾರೆ, ಇದನ್ನು ಸಂಘವು ಕೂಡಲೇ ನಿಲ್ಲಿಸಬೇಕು ಎಂದು ಮೂವರು ಸದಸ್ಯರು ಬರೆದು ಕೊಟ್ಟಿದ್ದಾರೆ. ತೂಕಕ್ಕೆ ಬಂದಾಗ ಬಾಯಿಮಾತಿನಲ್ಲಿ ಹೇಳಿದವರೂ ಇದ್ದಾರೆ. ವಿಷಯವು ಮುಂದಿನ ಸರ್ವಸದಸ್ಯರ ಸಭೆಗೆ ಬರಲಿದೆ. ಅದಕ್ಕೆ ಮೊದಲು ನನಗೆ ತೋಚಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದು ಆಡಳಿತ ಮಂಡಳಿಯ ತೀರ್ಮಾನವಲ್ಲ, ಒಬ್ಬ ಬೆಳೆಗಾರನಾಗಿ ನನ್ನ ಸ್ವಂತ ಅಭಿಪ್ರಾಯ.

ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ನಾಲ್ಕು ಕಟ್ಟುಪಾಡುಗಳನ್ನು ಹಾಕಿ ನಾಯಿಯನ್ನು ಒಳಗೆ ಬಿಡಬೇಕು. ಹಾಗೆಯೇ, ಆ ನಾಯಿ ಕುಳಿತುಕೊಂಡು ಬರುವ ಸೀಟು ಖಾಲಿಯಾದದ್ದು ಹೇಗೆ ಎಂಬುದನ್ನೂ ನಾವು ಸಭೆಯಲ್ಲಿ ಕೇಳಿಕೊಳ್ಳಬೇಕು.

ಆಕ್ಷೇಪಿಸಿದ ಸದಸ್ಯರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಕಾಫಿ ಬೇರೆ ವಾಸನೆಯನ್ನು ಬೇಗ ಹೀರಿಕೊಳ್ಳುವ ಪದಾರ್ಥ. ಪಾರ್ಚ್‌ಮೆಂಟ್ ಮೂಟೆಗಳನ್ನು ಗೊಬ್ಬರ, ಸೀಮೆಎಣ್ಣೆಗಳ ಹತ್ತಿರ ಇಡಬಾರದೆಂದು ನಾವೇ ವರ್ಷವೂ ಹೇಳುತ್ತೇವೆ. ಹಾಗಿರುವಾಗ ಮೂಟೆಯ ಮೇಲೆ ನಾಯಿ ಮಲಗಿದರೆ ಯಾರು ತಾನೇ ಒಪ್ಪುತ್ತಾರೆ? ಹಮಾಲರ ಮಕ್ಕಳು ಅಂಗಳದಲ್ಲಿ ಆಡುತ್ತಿರುತ್ತವೆ. ಹುಚ್ಚುನಾಯಿ ರೋಗದ ಭಯ ಸುಳ್ಳಲ್ಲ. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಔಷಧಿ ಇಲ್ಲವೆನ್ನಬಹುದು. ಇನ್ನು ನಮ್ಮ ತೋಟದ ನಾಯಿಗಳಿಗೆ ಪರಸ್ಥಳದ ನಾಯಿಯಿಂದ ಪಾರ್ವೋದಂಥ ಜಾಡ್ಯ ತಗಲುವುದೂ ಉಂಟು. ಚಿರತೆಯ ಬಾಯಿಂದ ಉಳಿಸಿಕೊಂಡ ನಾಯಿಯನ್ನು ಭೇದಿಯಿಂದ ಕಳೆದುಕೊಳ್ಳುವುದು ಯಾರಿಗೂ ಬೇಡ.

ಆದರೆ ಗೇಟಿನಲ್ಲಿ ತಡೆದರೆ ಆ ನಾಯಿ ಎಲ್ಲಿಗೆ ಹೋಗಬೇಕು? ಲೋಡು ತುಂಬಿ, ತೂಕವಾಗಿ, ಬಿಲ್ಲು ಕೈಗೆ ಬರುವ ಹೊತ್ತಿಗೆ ಐದಾರು ತಾಸು ಆಗುತ್ತದೆ. ಅಷ್ಟು ಹೊತ್ತು ಚಾಲಕನು ಅದನ್ನು ಹೆದ್ದಾರಿಯ ಬದಿಯಲ್ಲಿ ಕಟ್ಟಬೇಕು, ಇಲ್ಲವೇ ಗಾಜು ಏರಿಸಿದ ಕ್ಯಾಬಿನ್ನಿನೊಳಗೆ ಕೂಡಿಹಾಕಬೇಕು. ಬಿಸಿಲಿಗೆ ನಿಂತ ಮುಚ್ಚಿದ ವಾಹನದೊಳಗೆ ಅರ್ಧ ಗಂಟೆಯಲ್ಲೇ ಶಾಖವು ಹೊರಗಿಗಿಂತ ಹತ್ತು ಡಿಗ್ರಿಗೂ ಹೆಚ್ಚು ಏರುತ್ತದೆ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಗುತ್ತ ನಾಲಿಗೆ ಚಾಚಿಯೇ ಅದು ಮೈ ತಣಿಸಿಕೊಳ್ಳಬೇಕು. ಆ ಶಾಖದಲ್ಲಿ ಅದು ಉಳಿಯುವುದು ಕಷ್ಟ. ತಡೆಯುವ ನಿಯಮ ಮಾಡಿದರೆ ಅದರ ಫಲವೇನಾಗುತ್ತದೆ ಎಂಬುದನ್ನೂ ನಿಯಮ ಮಾಡುವವರೇ ಯೋಚಿಸಬೇಕು.

ಈಗ ಸೀಟಿನ ವಿಷಯಕ್ಕೆ ಬರುತ್ತೇನೆ. ಹಿಂದೆ ದೂರದ ಲಾರಿಯೆಂದರೆ ಅದರಲ್ಲಿ ಇಬ್ಬರು ಚಾಲಕರು, ಜೊತೆಗೆ ಒಬ್ಬ ಕ್ಲೀನರ್ ಹುಡುಗ ಇರುತ್ತಿದ್ದರು. ಇದು ಬರೀ ರೂಢಿಯಾಗಿರಲಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 90ನೆಯ ನಿಯಮದಲ್ಲಿ, ನ್ಯಾಷನಲ್ ಪರ್ಮಿಟ್ ಲಾರಿಯಲ್ಲಿ ಕನಿಷ್ಠ ಇಬ್ಬರು ಚಾಲಕರು ಇರಬೇಕು, ಒಬ್ಬನು ಓಡಿಸುವಾಗ ಇನ್ನೊಬ್ಬನು ಕಾಲು ಚಾಚಿ ಮಲಗಲು ಚಾಲಕನ ಹಿಂದೆ ಅಡ್ಡಲಾಗಿ ಪೂರ್ತಿ ಅಗಲದ ಸೀಟು ಇರಬೇಕು ಎಂದು ಬರೆದಿತ್ತು. 2018ರ ತಿದ್ದುಪಡಿಯಲ್ಲಿ ಎರಡನೆಯ ಚಾಲಕ ಇರಲೇಬೇಕೆಂಬ ಕಡ್ಡಾಯ ಹೋಯಿತು. ಅದೇ ವರ್ಷ ಲಾರಿಗಳು ಹೊರಬಹುದಾದ ಭಾರವನ್ನೂ ಏರಿಸಿದರು. ನಮ್ಮಲ್ಲಿ ಹತ್ತು ಚಕ್ರದ ಲಾರಿ ಎನ್ನುತ್ತೇವಲ್ಲ, ಅದರ ಒಟ್ಟು ತೂಕದ ಮಿತಿ 25 ಟನ್ನಿನಿಂದ 28.5 ಟನ್ನಿಗೆ ಹೋಯಿತು. ಹೊರೆ ಏರಿತು, ಹೊರುವ ಮನುಷ್ಯರು ಇಳಿದರು. ಕ್ಲೀನರ್ ಹುಡುಗರು ಈ ಕೆಲಸಕ್ಕೆ ಬರುವುದೂ ಕಡಿಮೆಯಾಗಿದೆ. ಊರಿನಲ್ಲೇ ಬೇರೆ ದುಡಿಮೆ ಸಿಗುವಾಗ ಎಂಜಿನ್ನಿನ ಬಿಸಿಗೆ ಮೈಯೊಡ್ಡಲು ಅವರಿಗೆ ಮನಸ್ಸಿಲ್ಲ.

ನಮ್ಮ ಅಡಿಕೆ ಹೋಗುವುದು ಹತ್ತಿರದ ಊರಿಗಲ್ಲ. ಶಿವಮೊಗ್ಗದಿಂದ ನಾಗಪುರವೆಂದರೆ ಸಾವಿರ ಕಿಲೋಮೀಟರಿನ ಆಚೆ, ದೆಹಲಿಯೆಂದರೆ ಸುಮಾರು ಎರಡು ಸಾವಿರ. ಅಹಮದಾಬಾದು, ಕಾನ್ಪುರಗಳೂ ದೂರವೇ. ಹೋಗುವುದಕ್ಕೆ ನಾಲ್ಕೈದು ದಿನ, ಅಲ್ಲಿ ಇಳಿಸಲು ಕಾಯುವ ದಿನ ಬೇರೆ, ತಿರುಗಿ ಬರಲು ಬಾಡಿಗೆ ಸಿಗುವವರೆಗೆ ಇನ್ನಷ್ಟು ದಿನ. ಅಷ್ಟೂ ದಿನ ಒಬ್ಬನೇ ಮನುಷ್ಯ, ಭಾಷೆ ತಿಳಿಯದ ಊರು.

ಕಳೆದ ಸುಗ್ಗಿಯಲ್ಲಿ ವಿಜಯಪುರದ ಕಡೆಯ ಚಾಲಕನೊಬ್ಬ ಕಂದು ಬಣ್ಣದ ನಾಯಿಯೊಂದಿಗೆ ಬಂದಿದ್ದ. ಇದೇಕಪ್ಪಾ ಎಂದು ಕೇಳಿದೆ. "ಮೊದ್ಲ ಕ್ಲೀನರ್ ಹುಡುಗ ಇದ್ದ ರೀ ಸಾಹೇಬ್ರ. ಈಗ ಒಬ್ಬನ ಆಗೇನಿ. ಇದು ಮಾತಾಡಂಗಿಲ್ಲ ಖರೆ, ಆದ್ರ ನಾ ಮಾತಾಡಿದ್ದು ಕೇಳ್ತೈತಿ" ಎಂದ. ಕಾವಲಿಗೂ ಆಗುತ್ತದೆಯೇ ಎಂದದ್ದಕ್ಕೆ, ರಾತ್ರಿ ಢಾಬಾದ ಹತ್ತಿರ ಟಾರ್ಪಾಲಿನ ಹಗ್ಗಕ್ಕೆ ಯಾರಾದರೂ ಕೈಯಿಟ್ಟರೆ ತನಗಿಂತ ಮೊದಲು ಅದಕ್ಕೇ ಎಚ್ಚರವಾಗುತ್ತದೆ ಎಂದು ಹೇಳಿದ. ಆ ಟಾರ್ಪಾಲಿನ ಕೆಳಗೆ ಇದ್ದದ್ದು ನಮ್ಮ ಅಡಿಕೆ ಎಂಬುದನ್ನು ಸದಸ್ಯರು ನೆನಪಿಡಬೇಕು.

ಇದು ನಮ್ಮ ದೇಶದಲ್ಲಿ ಇನ್ನೂ ಅಪರೂಪ. ಅಮೆರಿಕದಲ್ಲಿ ಮಾತ್ರ ಸಾಮಾನ್ಯ ಸಂಗತಿ. ಅಲ್ಲಿ ವಾರಗಟ್ಟಲೆ ಮನೆ ಬಿಟ್ಟು ಓಡಾಡುವ ಚಾಲಕರಲ್ಲಿ ಅನೇಕರು ನಾಯಿಯನ್ನೋ ಬೆಕ್ಕನ್ನೋ ಜೊತೆಗೆ ಇಟ್ಟುಕೊಳ್ಳುತ್ತಾರೆ. ಹಲವು ಸಾಗಣೆ ಕಂಪನಿಗಳು ಇದನ್ನು ತಮ್ಮ ನಿಯಮದಲ್ಲೇ ಸೇರಿಸಿವೆ: ಇಷ್ಟು ಠೇವಣಿ ಕಟ್ಟಬೇಕು, ನಾಯಿ ಇಷ್ಟು ತೂಕದೊಳಗಿರಬೇಕು, ಲಸಿಕೆಯ ಪತ್ರ ಇರಬೇಕು, ಇಂಥ ತಳಿ ಬೇಡ, ಹೀಗೆ. ಅದು ಬರೀ ಕರುಣೆಯಿಂದ ಮಾಡಿದ್ದೆಂದು ನಾನು ತಿಳಿದಿಲ್ಲ. ಕೆಲಸಕ್ಕೆ ಬಂದ ಚಾಲಕ ಬಿಟ್ಟು ಹೋಗದಿರಲಿ ಎಂಬ ವ್ಯವಹಾರದ ಲೆಕ್ಕವೂ ಅದರಲ್ಲಿದೆ. ನಾಯಿ ಇದ್ದವನು ದಿನಕ್ಕೆ ನಾಲ್ಕು ಸಲವಾದರೂ ಲಾರಿ ನಿಲ್ಲಿಸಿ ಇಳಿದು ನಡೆಯಲೇಬೇಕು. ಕುಳಿತಲ್ಲೇ ಕುಳಿತು ಸೊಂಟ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಬರಿಸಿಕೊಳ್ಳುವ ಈ ವೃತ್ತಿಯಲ್ಲಿ ಅದೇ ಒಂದು ಲಾಭ. ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಸದಸ್ಯರಿಗೆ ಜಾನ್ ಸ್ಟೈನ್‌ಬೆಕ್ ನೆನಪಿರಬಹುದು. ಅವರು ಲಾರಿ ಚಾಲಕರಲ್ಲ. ಆದರೂ 1960ರಲ್ಲಿ ಗಾಡಿಯೊಂದರ ಮೇಲೆ ಮನೆ ಕಟ್ಟಿಸಿಕೊಂಡು ದೇಶ ಸುತ್ತಲು ಹೊರಟಾಗ ಚಾರ್ಲಿ ಎಂಬ ಮುದಿ ನಾಯಿಯನ್ನೇ ಜೊತೆಗೆ ಕರೆದುಕೊಂಡರು. 1962ರಲ್ಲಿ ಆ ಪ್ರವಾಸದ ಪುಸ್ತಕ ಬಂತು. ಅದೇ ವರ್ಷ ಅವರಿಗೆ ನೊಬೆಲ್ ಬಹುಮಾನವೂ ಬಂತು.

ಆದರೆ ಅಮೆರಿಕದ ಉದಾಹರಣೆಯಲ್ಲಿ ಅರ್ಧವನ್ನು ಮಾತ್ರ ತೆಗೆದುಕೊಳ್ಳಬಾರದು. ಅಲ್ಲಿ ಸರಕು ಲಾರಿಯ ಚಾಲಕ ಸತತ 10 ಗಂಟೆ ವಿರಾಮ ಪಡೆದ ಮೇಲೆಯೇ ಮತ್ತೆ ಸ್ಟಿಯರಿಂಗ್ ಹಿಡಿಯಬೇಕು. ಹಿಡಿದ ಮೇಲೆ 11 ಗಂಟೆಗಿಂತ ಹೆಚ್ಚು ಓಡಿಸುವಂತಿಲ್ಲ. 8 ಗಂಟೆ ಓಡಿಸಿದ ಮೇಲೆ ಅರ್ಧ ಗಂಟೆಯಾದರೂ ನಿಲ್ಲಿಸಬೇಕು. 2017ರ ಡಿಸೆಂಬರಿನಿಂದ ಬಹುತೇಕ ದೂರದ ಲಾರಿಗಳಲ್ಲಿ ಇದನ್ನು ಯಂತ್ರವೇ ಬರೆದಿಡಬೇಕೆಂಬ ನಿಯಮ ಜಾರಿಯಾಯಿತು. ನಮ್ಮಲ್ಲಿಯೂ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯು ದಿನಕ್ಕೆ 8 ಗಂಟೆ, ದೂರದ ದಾರಿಯಾದರೆ 10 ಗಂಟೆ ಎಂದು ಬರೆದಿತ್ತು. ಬರೆದದ್ದು ಪುಸ್ತಕದಲ್ಲಿ ಉಳಿಯಿತು. ರಾತ್ರಿ ಎರಡು ಗಂಟೆಗೆ ಶಿರಾಡಿ ಘಾಟಿ ಹತ್ತುವ ಚಾಲಕನ ಹತ್ತಿರ ಅದು ಹೋಗಿ ಮುಟ್ಟಲಿಲ್ಲ. ನಾಯಿ ಎಷ್ಟೇ ಜಾಣನಾಗಿರಲಿ, ಯಜಮಾನನಿಗೆ ತೂಕಡಿಕೆ ಬಂದಾಗ ಸ್ಟಿಯರಿಂಗ್ ಹಿಡಿಯಲಾರದು. ಎರಡನೆಯ ಚಾಲಕನ ಸೀಟಿನಲ್ಲಿ ಅದು ಕುಳಿತಿರಬಹುದು, ಅವನ ಕೆಲಸವನ್ನು ಮಾಡಲಾರದು.

ಹೀಗಿರುವಲ್ಲಿ ನಾವು ಮಾಡಬಹುದಾದದ್ದೇನು? ಸಭೆಯ ಮುಂದೆ ನಾನು ಇಡಲಿರುವ ಸಲಹೆಗಳು ಇವು.

ಒಂದು, ನಾಯಿಯ ಜೊತೆ ಬರುವ ಚಾಲಕನ ಹತ್ತಿರ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿದ ಪತ್ರ ಇರಬೇಕು. ಲಸಿಕೆಯನ್ನು ಮರಿಗೆ ಮೂರು ತಿಂಗಳಾದಾಗ ಹಾಕಿಸಿ, ಆಮೇಲೆ ಪಶುವೈದ್ಯರು ಹೇಳಿದಂತೆ ವರ್ಷಕ್ಕೊಮ್ಮೆ ಹಾಕಿಸಬೇಕು. ಇದೇ ನೆಪದಲ್ಲಿ ಸದಸ್ಯರು ತಮ್ಮ ತೋಟದ ನಾಯಿಗಳ ಪತ್ರವನ್ನೂ ಒಮ್ಮೆ ಹುಡುಕಿ ನೋಡುವುದು ಒಳ್ಳೆಯದು. ಯಾವ ನಾಯಿಯೇ ಕಚ್ಚಲಿ, ಪರಚಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅರಿಸಿನ, ಸುಣ್ಣ ಮೆತ್ತುತ್ತ ಕೂರಬಾರದು.

ಎರಡು, ಅಂಗಳದಲ್ಲಿ ನಾಯಿಯನ್ನು ಹಗ್ಗದಲ್ಲಿ ಕಟ್ಟಿರಬೇಕು. ಗೇಟಿನ ಪಕ್ಕದ ಹಲಸಿನ ಮರದ ನೆರಳು ಅದಕ್ಕೆ ಸಾಕು. ಅಲ್ಲಿ ಒಂದು ನೀರಿನ ಬಾನಿ ಇಡುವ ಖರ್ಚು ಸಂಘಕ್ಕೆ ಭಾರವಲ್ಲ. ಗೋದಾಮಿನ ಒಳಗೆ, ಮೂಟೆಗಳ ಮೇಲೆ, ಮಡಿಚಿಟ್ಟ ಟಾರ್ಪಾಲಿನ ಮೇಲೆ ನಾಯಿ ಹತ್ತಕೂಡದು. ಈ ವಿಷಯದಲ್ಲಿ ಆಕ್ಷೇಪಿಸಿದ ಸದಸ್ಯರೊಂದಿಗೆ ನಾನು ಪೂರ್ತಿ ಒಪ್ಪುತ್ತೇನೆ.

ಮೂರು, ಓಡುವ ಲಾರಿಯಲ್ಲಿ ನಾಯಿಯು ಕ್ಲೀನರ್ ಕಡೆಯ ಸೀಟಿನಲ್ಲಿ ಗಿಡ್ಡ ಪಟ್ಟಿಯಲ್ಲಿ ಕಟ್ಟಿಕೊಂಡಿರಬೇಕು. ಚಾಲಕನ ಹಿಡಿತಕ್ಕೆ ಅಡ್ಡಿಯಾಗುವಂತೆ ಯಾರನ್ನೂ ಕೂರಿಸಬಾರದು, ಏನನ್ನೂ ಇಡಬಾರದು ಎಂದು 1988ರ ಮೋಟಾರು ವಾಹನ ಕಾಯ್ದೆಯ 125ನೆಯ ಕಲಮು ಹೇಳುತ್ತದೆ. ತೊಡೆಯ ಮೇಲೆ ಕುಳಿತ ನಾಯಿ ಬ್ರೇಕಿನ ಕೆಳಗೆ ನುಸುಳಲು ಒಂದು ಕ್ಷಣ ಸಾಕು. ನಮ್ಮ ಸರಕು ಹೊತ್ತ ಲಾರಿಗೆ ಈ ಮಾತನ್ನು ಗೇಟಿನಲ್ಲೇ ಹೇಳಿ ಕಳುಹಿಸಬೇಕು.

ನಾಲ್ಕು, ನಮ್ಮ ಅಂಗಳದ ವಿಷಗಳ ಬಗ್ಗೆ ನಾವೇ ಎಚ್ಚರ ವಹಿಸಬೇಕು. ಬಸವನಹುಳುವಿಗೆ ಇಡುವ ಮೆಟಾಲ್ಡಿಹೈಡ್ ಗುಳಿಗೆಯನ್ನು ನಾಯಿ ತಿಂದರೆ ನಡುಕ ಹತ್ತಿ ಸಾಯಬಹುದು. ಇಲಿ ಪಾಷಾಣವೂ ಹಾಗೆಯೇ. ಕಾಫಿಯಲ್ಲಿರುವ ಕೆಫೀನು, ಕೋಕೋದಲ್ಲಿರುವ ಥಿಯೋಬ್ರೊಮಿನ್ ಎರಡೂ ನಾಯಿಗೆ ಆಗಿಬರುವುದಿಲ್ಲ. ಇನ್ನು ಅಡಿಕೆ: ಅದರಲ್ಲಿರುವ ಅರೆಕೋಲಿನ್ ಎಂಬ ಸತ್ವವನ್ನು ನ್ಯೂಜಿಲೆಂಡಿನಲ್ಲಿ ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳು ಹೊರಹಾಕಲು ಸರಕಾರಿ ಕಾರ್ಯಕ್ರಮದಲ್ಲೇ ಕೊಡುತ್ತಿದ್ದರು. ಹಾಗೆಂದು ಯಾರೂ ನಾಯಿಗೆ ಅಡಿಕೆ ಹೋಳು ಹಾಕಲು ಹೋಗಬೇಡಿ. ಅಳತೆ ತಪ್ಪಿದರೆ ಅದೇ ವಿಷ. ಈಗ ಅದಕ್ಕಿಂತ ಒಳ್ಳೆಯ ಜಂತುಹುಳುವಿನ ಮಾತ್ರೆಗಳಿವೆ.

ಇವು ನಾಯಿಯ ಮಾತು. ನಾಯಿಯ ಯಜಮಾನನ ಮಾತು ಉಳಿದಿದೆ. ಚಾಲಕನಿಗೆ ನಮ್ಮ ಅಂಗಳದಲ್ಲಿ ಸ್ನಾನಕ್ಕೆ ಬಿಸಿನೀರು, ಶೌಚಕ್ಕೆ ಜಾಗ, ಎರಡು ತಾಸು ಮಲಗಲು ಫ್ಯಾನಿರುವ ಒಂದು ಕೋಣೆ ಇರಬೇಕು. ಹಳೆಯ ತೂಕದ ಕೋಣೆ ಖಾಲಿ ಬಿದ್ದಿದೆ. ಅದನ್ನೇ ಸರಿಪಡಿಸಿ ಕೊಡಬಹುದು. ಹೊಸದಾಗಿ ತಯಾರಾಗುವ ಮಧ್ಯಮ ಹಾಗೂ ಭಾರೀ ಸರಕು ಲಾರಿಗಳ ಚಾಲಕನ ಕ್ಯಾಬಿನ್ನಿಗೆ ಹವಾನಿಯಂತ್ರಣ ಇರಲೇಬೇಕೆಂದು ಕೇಂದ್ರ ಸರಕಾರ ನಿಯಮ ಮಾಡಿದೆ. ಒಳ್ಳೆಯದೇ ಆಯಿತು. ಆದರೆ ನಮ್ಮಲ್ಲಿಗೆ ಬರುವ ಲಾರಿಗಳಲ್ಲಿ ಹೆಚ್ಚಿನವು ಅದಕ್ಕೆ ಮುಂಚಿನವು, ಇನ್ನೂ ಹಲವು ವರ್ಷ ಅವೇ ಬರುತ್ತವೆ.

ಕೊನೆಯದಾಗಿ ಬಾಡಿಗೆಯ ಲೆಕ್ಕ. ಸಾವಿರ ಕಿಲೋಮೀಟರಿಗೂ ದೂರದ ಲೋಡಿಗೆ ದರಪಟ್ಟಿ ಕರೆಯುವಾಗ, ಇಬ್ಬರು ಚಾಲಕರನ್ನು ಕಳುಹಿಸುವವರಿಗೆ ಅಥವಾ ರಾತ್ರಿ ಲಾರಿ ನಿಲ್ಲಿಸುತ್ತೇವೆಂದು ಬರೆದುಕೊಡುವವರಿಗೆ ಆದ್ಯತೆ ಕೊಡೋಣ, ಅದಕ್ಕೆ ತಗಲುವ ಹೆಚ್ಚಿನ ಹಣವನ್ನೂ ಕೊಡೋಣ. ಎಷ್ಟಾದೀತು? ಒಂದು ಲೋಡಿಗೆ ಹತ್ತು ಸಾವಿರ ರೂಪಾಯಿ ಹೆಚ್ಚೆಂದೇ ಹಿಡಿಯಿರಿ. ಲಾರಿಯಲ್ಲಿ 160 ಕ್ವಿಂಟಾಲ್ ಅಡಿಕೆ ಇದ್ದರೆ ಕ್ವಿಂಟಾಲಿಗೆ 62 ರೂಪಾಯಿ 50 ಪೈಸೆ ಬೀಳುತ್ತದೆ, ಕಿಲೋಗೆ 63 ಪೈಸೆಯೂ ಆಗುವುದಿಲ್ಲ. ಒಂದು ಕೊಯ್ಲಿನಲ್ಲಿ ಹತ್ತು ಕ್ವಿಂಟಾಲ್ ಹಾಕುವ ಸಣ್ಣ ಬೆಳೆಗಾರನಿಗೆ ವರ್ಷಕ್ಕೆ 625 ರೂಪಾಯಿ. ಸಣ್ಣ ಬೆಳೆಗಾರನಿಗೆ ಆ ಹಣವೂ ಹಣವೇ ಎಂಬುದನ್ನು ಬಲ್ಲೆ. ಆದರೆ ನಿದ್ದೆಗೆಟ್ಟ ಒಬ್ಬ ಚಾಲಕ ಸೋಲಾಪುರದ ಆಚೆ ಲಾರಿಯನ್ನು ಹಳ್ಳಕ್ಕೆ ಇಳಿಸಿದರೆ ವಿಮೆಯಿಂದ ಅಡಿಕೆಯ ಹಣ ಬರಬಹುದು, ಆ ಮನುಷ್ಯ ತಿರುಗಿ ಬರುವುದಿಲ್ಲ.

ಸಹಕಾರ ಸಂಘವೆಂಬುದು ಹುಟ್ಟಿದ್ದೇ ಒಂಟಿಯಾದವನು ದಲ್ಲಾಳಿಯ ಮುಂದೆ ನಿಲ್ಲಲಾರನೆಂದು. ನಮ್ಮ ಸರಕು ಹೊತ್ತು ನಡೆಯುವವನು ಒಂಟಿಯಾಗಿರುವುದನ್ನು ನಾವು ಕಾಣದಂತೆ ಇರುವುದು ಆ ತತ್ತ್ವಕ್ಕೆ ಹೊಂದುವ ಮಾತಲ್ಲ. ಈ ವಿಷಯದಲ್ಲಿ ಬೇರೆ ಅಭಿಪ್ರಾಯವುಳ್ಳ ಸದಸ್ಯರು ಸಭೆಗೆ ಒಂದು ವಾರ ಮೊದಲೇ ಕಚೇರಿಗೆ ಬರೆದು ತಿಳಿಸಿದರೆ ಎಲ್ಲವನ್ನೂ ಸಭೆಯಲ್ಲಿ ಓದಿಸಲಾಗುವುದು. ಅಲ್ಲಿಯವರೆಗೆ ಗೇಟಿನ ಕಾವಲುಗಾರನು ನಾಯಿಗಳನ್ನು ಕಲ್ಲೆಸೆದು ಓಡಿಸಬಾರದೆಂದು ತಿಳಿಸಿದ್ದೇನೆ.

— ಕಾರ್ಯದರ್ಶಿ