ಮೊದಲ ಪಾಠದ ನಗೆಪಾಟಲು

ಕಳೆದ ತಿಂಗಳು ನನ್ನ ಸೋದರಳಿಯನು ಹಳೆಯದೊಂದು ಬ್ರಿಟಿಷ್ ಹಾಸ್ಯ ಧಾರಾವಾಹಿಯ ಕಂತನ್ನು ನನ್ನ ಮೊಬೈಲಿಗೆ ಕಳುಹಿಸಿ, "ಮಾಮ, ಊಟವಾದ ಮೇಲೆ ನೋಡಿ. ನಿಮ್ಮ ಇಂಗ್ಲಿಷ್ ಪೀರಿಯಡ್ಡೇ ನೆನಪಾಯಿತು" ಎಂದು ಬರೆದಿದ್ದನು. ಪ್ರೀತಿಯಿಂದ ಬರೆದ ಮಾತು. ಆದರೂ ಅದು ನನ್ನನ್ನು ಚುಚ್ಚಿತು. ಏಕೆಂಬುದನ್ನು ಇಲ್ಲಿ ಹೇಳಬೇಕೆನಿಸಿದೆ. ನನ್ನ ಬಳಿ ಓದಿದವರಲ್ಲಿ ಹಲವರು ಈ ಧಾರಾವಾಹಿಯ ಅಭಿಮಾನಿಗಳೆಂದು ಬಲ್ಲೆ. ಅವರು ಮುನಿಸಿಕೊಂಡರೂ ಚಿಂತೆಯಿಲ್ಲ, ಪೂರ್ತಿ ಓದಿ ಮುನಿಸಿಕೊಳ್ಳಲಿ.

ಧಾರಾವಾಹಿಯ ಹೆಸರು ‘ಮೈಂಡ್ ಯುವರ್ ಲ್ಯಾಂಗ್ವೇಜ್’. ಬರೆದವರು ವಿನ್ಸ್ ಪೊವೆಲ್. ಲಂಡನ್ ವೀಕೆಂಡ್ ಟೆಲಿವಿಷನ್ ಸಂಸ್ಥೆಯು 1977ರಿಂದ 1979ರವರೆಗೆ ಇದರ 29 ಕಂತುಗಳನ್ನು ತಯಾರಿಸಿತು. ಅಳಿಯನು ಕಳುಹಿಸಿದ್ದು 1977ರ ಡಿಸೆಂಬರ್ 30ರಂದು ಪ್ರಸಾರವಾದ ಮೊದಲ ಕಂತು, ‘ದ ಫಸ್ಟ್ ಲೆಸನ್’.

ಕಥೆ ಇಷ್ಟೆ. ಜೆರೆಮಿ ಬ್ರೌನ್ ಎಂಬ ತರುಣ ಅಧ್ಯಾಪಕನು ವಿದೇಶೀಯರಿಗೆ ಇಂಗ್ಲಿಷ್ ಕಲಿಸಲು ಲಂಡನ್ನಿನ ಸಂಜೆಶಾಲೆಯೊಂದಕ್ಕೆ ಬರುತ್ತಾನೆ. ಮುಖ್ಯಸ್ಥೆ ಮಿಸ್ ಕೋರ್ಟ್ನಿಗೆ ಗಂಡಸು ಬಂದದ್ದೇ ಹಿಡಿಸದು. ಒಂದು ತಿಂಗಳ ಪರೀಕ್ಷಾವಧಿಯ ಮೇಲೆ ನೇಮಿಸಿಕೊಳ್ಳುತ್ತಾಳೆ. ಹಿಂದಿನ ಅಧ್ಯಾಪಕನಿಗೆ ಈ ತರಗತಿಯಿಂದ ಬುದ್ಧಿಭ್ರಮಣೆಯಾಯಿತೆಂದೂ ತಿಳಿಸುತ್ತಾಳೆ. ಆಮೇಲೆ ತರಗತಿ. ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ತಮ್ಮ ಪರಿಚಯ ಹೇಳಿಕೊಳ್ಳುತ್ತಾರೆ. ಇಟಲಿಯ ಜಿಯೊವಾನ್ನಿ, ಸ್ಪೇನಿನ ಹುವಾನ್, ಜಪಾನಿನ ಟಾರೊ, ಪಾಕಿಸ್ತಾನದ ಅಲಿ, ಪಂಜಾಬಿನ ರಂಜೀತ್ ಸಿಂಗ್, ನಮ್ಮ ದೇಶದವಳೇ ಆದ ಜಮೀಲಾ. ಪ್ರತಿಯೊಬ್ಬರೂ ಬಾಯಿ ತೆರೆದೊಡನೆ ಹಿನ್ನೆಲೆಯಲ್ಲಿ ಪ್ರೇಕ್ಷಕರ ನಗು ಅಲೆಯಲೆಯಾಗಿ ಏಳುತ್ತದೆ.

ನ್ಯಾಯವಾಗಿ ಹೇಳಬೇಕಾದುದನ್ನು ಮೊದಲು ಹೇಳುತ್ತೇನೆ. ಬ್ಯಾರಿ ಇವಾನ್ಸ್ ಅಭಿನಯಿಸಿದ ಬ್ರೌನ್ ಕೆಟ್ಟವನಲ್ಲ. ಅವನು ಬೆತ್ತ ಹಿಡಿದವನಲ್ಲ, ಹಂಗಿಸುವವನೂ ಅಲ್ಲ. ನಟರೆಲ್ಲರೂ ನುರಿತವರು. ನಾನೂ ಎರಡು ಮೂರು ಕಡೆ ನಕ್ಕೆ, ಸುಳ್ಳು ಹೇಳಲಾರೆ. ಆದರೆ ನಕ್ಕ ಮೇಲೆ, ನಾನು ಯಾವುದಕ್ಕಾಗಿ ನಕ್ಕೆನೆಂದು ಕೇಳಿಕೊಂಡಾಗ ನಾಚಿಕೆಯಾಯಿತು.

ಟಾರೊ ಎಂಬಾತನು ಇಂಗ್ಲಿಷ್ ಪದಗಳ ತುದಿಗೆಲ್ಲ ‘ಓ’ಕಾರ ಸೇರಿಸಿ ನುಡಿಯುತ್ತಾನೆ, ಜನ ನಗುತ್ತಾರೆ. ಜಪಾನೀ ಭಾಷೆಯ ಪದಗಳು ಬಹುಮಟ್ಟಿಗೆ ಸ್ವರದಲ್ಲಿಯೇ ಮುಗಿಯುತ್ತವೆ. ಆದುದರಿಂದ ಇಂಗ್ಲಿಷಿನ ‘ಬೆಡ್’ ಅಲ್ಲಿ ‘ಬೆಡ್ಡೊ’ ಆಗುತ್ತದೆ. ಇದರಲ್ಲಿ ಪೆದ್ದುತನ ಎಲ್ಲಿದೆ? ನಾವು ಬಸ್ಸು, ಕಾರು, ಪೆನ್ನು, ಬೆಂಚು ಎನ್ನುವುದಿಲ್ಲವೆ? ಟಾರೊವಿನ ‘ಓ’ಕಾರಕ್ಕೂ ನಮ್ಮ ‘ಉ’ಕಾರಕ್ಕೂ ಕಾರಣ ಒಂದೇ. ಕನ್ನಡಿಗನು ಟಾರೊವಿಗೆ ನಕ್ಕರೆ ಕನ್ನಡಿಯ ಮುಂದೆ ನಿಂತು ನಕ್ಕಂತೆಯೇ.

ಕಲಿಯುವವನ ತಪ್ಪು ಬರಿಯ ಕಸವಲ್ಲ. ಅವನ ಮನಸ್ಸು ಹೊಸ ಭಾಷೆಯನ್ನು ಹೇಗೆ ಕಟ್ಟಿಕೊಳ್ಳುತ್ತಿದೆ ಎಂಬುದಕ್ಕೆ ಅದು ಸಾಕ್ಷಿ. ಪಿಟ್ ಕಾರ್ಡರ್ ಎಂಬ ಭಾಷಾವಿಜ್ಞಾನಿಯು ಇದನ್ನು 1967ರಲ್ಲಿಯೇ ತಮ್ಮ ಪ್ರಸಿದ್ಧ ಲೇಖನವೊಂದರಲ್ಲಿ ಪ್ರತಿಪಾದಿಸಿದ್ದರು, ಅಂದರೆ ಈ ಕಂತಿಗೆ ಹತ್ತು ವರ್ಷ ಮೊದಲು. ಆದರೆ ಧಾರಾವಾಹಿಗೆ ಆ ಸಾಕ್ಷಿ ಬೇಕಿಲ್ಲ. ಅದಕ್ಕೆ ಬೇಕಾದದ್ದು ತಪ್ಪು ತಿದ್ದಿಕೊಳ್ಳದ ವಿದ್ಯಾರ್ಥಿ. ಮೂರನೆಯ ಸರಣಿಯಲ್ಲಿಯೂ ಜಿಯೊವಾನ್ನಿಗೆ ಅದೇ ‘ಪ್ರೊಫೆಸೋರಿ’, ರಂಜೀತನಿಗೆ ಅದೇ ‘ಸಾವಿರ ಕ್ಷಮೆ’. ಅವರು ಕಲಿತರೆ ನಗು ನಿಂತುಹೋಗುತ್ತದೆ, ಆದುದರಿಂದ ಕಲಿಯಲು ಬಿಡುವಂತಿಲ್ಲ. ವಿದ್ಯಾರ್ಥಿಯು ಕಲಿಯದಿರುವುದರ ಮೇಲೆಯೇ ನಿಂತಿರುವ ತರಗತಿಯನ್ನು ತರಗತಿಯೆಂದು ಒಬ್ಬ ಮೇಷ್ಟರು ಹೇಗೆ ಒಪ್ಪಿಯಾನು?

ಇನ್ನೊಂದು ವಿಷಯ. ಇಂಗ್ಲಿಷಿನಲ್ಲಿ ತಡವರಿಸುವ ಜಮೀಲಾಳ ಪಾತ್ರ ವಹಿಸಿದವರು ಜಮೀಲಾ ಮ್ಯಾಸಿ. ಸಿಮ್ಲಾದಲ್ಲಿ ಹುಟ್ಟಿದ ಈಕೆ ತಮ್ಮ ಪತಿಯೊಡನೆ ಭಾರತೀಯ ಸಂಗೀತವನ್ನು ಕುರಿತು ಇಂಗ್ಲಿಷಿನಲ್ಲಿ ಗ್ರಂಥ ಬರೆದ ವಿದುಷಿ. ಅಂಥವರನ್ನು ಮಾತು ಬಾರದವಳಂತೆ ಕೂರಿಸಿ ನಗಿಸಿದರು. ಸಿಖ್ಖನಾದ ಆಲ್ಬರ್ಟ್ ಮೋಸೆಸ್ ಸಿಂಹಳದ್ವೀಪದವರು. ನಟನು ಪರದೇಶೀಯನಂತೆ ಕಂಡರಾಯಿತು, ಯಾವ ದೇಶದವನಾದರೂ ನಡೆದೀತು ಎಂಬ ಧೋರಣೆ ಇದು.

"ಸಾರ್, ಆ ಕಾಲವೇ ಹಾಗಿತ್ತು" ಎಂದು ನೀವು ಹೇಳುವಿರಿ. ಕಾಲದ ಮೇಲೆ ಹೊರಿಸಲಾಗದು. ಧಾರಾವಾಹಿಯು ಜನಪ್ರಿಯವಾಗಿದ್ದಾಗಲೇ ಅದೇ ಸಂಸ್ಥೆಯ ಹಿರಿಯ ಅಧಿಕಾರಿ ಮೈಕೆಲ್ ಗ್ರೇಡ್ ಅದನ್ನು ನಿಲ್ಲಿಸಿದರು. ಜನಾಂಗಗಳನ್ನು ಹೀಗೆ ಒಂದೇ ಅಚ್ಚಿಗೆ ಹಾಕಿ ತೋರಿಸುವುದು ಅವರಿಗೆ ಸರಿಕಾಣಲಿಲ್ಲ. ತಪ್ಪನ್ನು ಕಾಣಬಲ್ಲ ಕಣ್ಣುಗಳು ಆ ಕಾಲದಲ್ಲಿಯೂ ಇದ್ದವು. ನಾವಾದರೋ 1993ರಲ್ಲಿ ಅದೇ ಸರಕನ್ನು ‘ಜಬಾನ್ ಸಂಭಾಲ್‌ಕೆ’ ಎಂದು ಹಿಂದಿಗೆ ತಂದು, ಪಂಕಜ್ ಕಪೂರರಂಥ ದೊಡ್ಡ ನಟರನ್ನು ಮೇಷ್ಟರಾಗಿ ನಿಲ್ಲಿಸಿ, ದೂರದರ್ಶನದಲ್ಲಿ ನೋಡಿ ನಕ್ಕೆವು.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ‘ನಿಮ್ಮ ಪೀರಿಯಡ್ಡೇ ನೆನಪಾಯಿತು’ ಎಂದನಲ್ಲ, ಅದಕ್ಕಾಗಿ ಬರೆದೆ. ಅವನ ಮಾತು ನಿಜ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ. ಎಂಟನೆಯ ತರಗತಿಯ ಹುಡುಗನೊಬ್ಬನು ಎದ್ದುನಿಂತು ಪಾಠ ಓದುತ್ತಿದ್ದನು. ‘ಸ್ಕೂಲ್’ ಎಂಬಲ್ಲಿ ‘ಇಸ್ಕೂಲು’ ಎಂದನು. ನಾನು ಅವನ ದನಿಯನ್ನೇ ಅನುಕರಿಸಿ ‘ಇಸ್ಕೂಲು’ ಎಂದೆ. ತರಗತಿಯೆಲ್ಲ ನಕ್ಕಿತು. ನನಗೆ ಆ ನಗು ಹಿತವಾಗಿತ್ತು. ಮಕ್ಕಳು ನನ್ನನ್ನು ಮೆಚ್ಚಿದರೆಂದು ಭಾವಿಸಿದೆ. ಪದದ ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ಅದರ ಹಿಂದೆ ಒಂದು ಸ್ವರವನ್ನು ಇರಿಸಿಕೊಳ್ಳುವುದು ನಾಲಗೆಯ ಸಹಜ ಉಪಾಯವೆಂದು ನನಗಾಗ ತಿಳಿಯದು. ಸ್ಪೇನಿನವರ ಭಾಷೆಯಲ್ಲಿ ಶಾಲೆಗೆ ‘ಎಸ್ಕ್ವೇಲಾ’ ಎನ್ನುತ್ತಾರೆ. ನನ್ನ ಹುಡುಗನೂ ಅಂಥದೇ ಉಪಾಯವನ್ನು ಹೂಡಿದ್ದನು.

ಆ ಹುಡುಗ ಮುಂದಿನ ಮೂರು ವರ್ಷ ನನ್ನ ಪೀರಿಯಡ್ಡಿನಲ್ಲಿ ಬಾಯಿ ತೆರೆಯಲಿಲ್ಲ. ಬರೆವಣಿಗೆಯಲ್ಲಿ ಅಂಕ ತೆಗೆಯುತ್ತಿದ್ದನು. ಓದು ಎಂದರೆ ತಲೆ ತಗ್ಗಿಸುತ್ತಿದ್ದನು. ಎಷ್ಟೋ ವರ್ಷಗಳ ಮೇಲೆ ಮದುವೆಯೊಂದರಲ್ಲಿ ಸಿಕ್ಕಿ ಕಾಲಿಗೆರಗಿದನು. ಸ್ವಂತ ಲೇತ್ ವರ್ಕ್‌ಷಾಪ್, ಎಂಟು ಜನ ಕೆಲಸಗಾರರು. "ಎಲ್ಲ ಚೆನ್ನಾಗಿದೆ ಸಾರ್. ಇಂಗ್ಲಿಷಿನಲ್ಲಿ ಫೋನ್ ಬಂದರೆ ಮಾತ್ರ ಮಗನ ಕೈಗೆ ಕೊಟ್ಟುಬಿಡುತ್ತೇನೆ" ಎಂದು ನಕ್ಕನು. ಅವನ ಮಾತಿನಲ್ಲಿ ದೂರಿರಲಿಲ್ಲ. ಬಹುಶಃ ಅವನಿಗೆ ಆ ದಿನ ನೆನಪೂ ಇಲ್ಲ. ನನಗಿದೆ. ಬಡಿಸಿದ ಹೋಳಿಗೆ ಅಂದು ಗಂಟಲಲ್ಲಿ ಇಳಿಯಲಿಲ್ಲ.

ಆದುದರಿಂದ ನನ್ನ ವಿದ್ಯಾರ್ಥಿಗಳೇ, ಬಂಧುಗಳೇ, ನಗಬೇಡಿರೆಂದು ನಾನು ಹೇಳುತ್ತಿಲ್ಲ. ತರಗತಿಯಲ್ಲಿ ನಗು ಇರಲೇಬೇಕು. ಮೇಷ್ಟರ ತಪ್ಪಿಗೆ ಮಕ್ಕಳು ನಗಲಿ, ತಮ್ಮ ತಪ್ಪಿಗೆ ತಾವೇ ನಗಲಿ. ಆದರೆ ಎದ್ದುನಿಂತವನನ್ನು ಕೂತವರೆಲ್ಲ ಸೇರಿ ನಗುವುದು ಹಾಸ್ಯವಲ್ಲ. ನಿಮ್ಮಲ್ಲಿ ಅನೇಕರು ಈಗ ದೂರದೇಶಗಳಲ್ಲಿದ್ದೀರಿ. ನಿಮ್ಮ ಉಚ್ಚಾರಣೆಗೆ ಕಚೇರಿಯಲ್ಲಿ ಯಾರಾದರೂ ತುಟಿಯಂಚಿನಲ್ಲಿ ನಕ್ಕದ್ದುಂಟೆ? ರಜೆಗೆ ಬಂದಾಗ ನಿಮ್ಮ ಮಕ್ಕಳು ‘ಅಜ್ಜಿ ಮನೆಗೆ ಬಂದಿತು’ ಎಂದು ಕನ್ನಡ ಆಡಿದರೆ ನೀವು ನಕ್ಕದ್ದುಂಟೆ? ಮುಂದಿನ ಸಲ ಆ ಮಗು ಕನ್ನಡವನ್ನೇ ಆಡದಿದ್ದರೆ ಕಾರಣವನ್ನು ಬೇರೆಲ್ಲಿಯೂ ಹುಡುಕಬೇಡಿ.

ಅಳಿಯನಿಗೆ ಉತ್ತರ ಬರೆಯುವುದು ಬಾಕಿಯಿತ್ತು. ಇದೇ ಉತ್ತರ.