ಕೂಡಿ ಕೊಂಡ ವಸ್ತು, ಬಿಟ್ಟು ಹೋದವನ ಹಕ್ಕು

ಓದು, ಉದ್ಯೋಗಗಳಿಗಾಗಿ ಬೆಂಗಳೂರಿಗೋ ದುಬೈಗೋ ತೆರಳುವ ನಮ್ಮ ಯುವಕರು ನಾಲ್ಕೈದು ಮಂದಿ ಸೇರಿ ಬಾಡಿಗೆ ಮನೆ ಹಿಡಿಯುತ್ತಾರೆ. ಅಕ್ಕಿ, ಎಣ್ಣೆ, ಗ್ಯಾಸ್‌ಗಳ ಖರ್ಚು ತಿಂಗಳ ಕೊನೆಯಲ್ಲಿ ಹಂಚಿಹೋಗುತ್ತದೆ. ಆದರೆ ಎಲ್ಲರೂ ಹಣ ಹಾಕಿ ಕೊಂಡ ಫ್ರಿಜ್, ವಾಷಿಂಗ್ ಮೆಷಿನ್‌ಗಳು ಅಲ್ಲೇ ಉಳಿಯುತ್ತವೆ, ಜೊತೆಗಾರರು ಬದಲಾಗುತ್ತಾರೆ. ಮನೆ ಬಿಡುವವನು ಸಂಕೋಚದಿಂದ ತನ್ನ ಪಾಲು ಕೇಳುವುದಿಲ್ಲ; ಉಳಿದವರು ಆ ಮೌನವನ್ನೇ ಒಪ್ಪಿಗೆಯೆಂದು ಭಾವಿಸುತ್ತಾರೆ. ಮನಃಪೂರ್ವಕ ಸಮ್ಮತಿಯಿಲ್ಲದೆ ಒಬ್ಬನ ಸೊತ್ತು ಇನ್ನೊಬ್ಬನಿಗೆ ಹಲಾಲ್ ಆಗದು ಎಂಬುದನ್ನು ನಾವು ಮರೆಯಬಾರದು.

ಆಹಾರ ಕಡಿಮೆಯಾದಾಗ ಇದ್ದುದೆಲ್ಲವನ್ನೂ ಒಂದೇ ಬಟ್ಟೆಯಲ್ಲಿ ಸುರಿದು, ಒಂದೇ ಪಾತ್ರೆಯಿಂದ ಅಳೆದು ಸಮನಾಗಿ ಹಂಚಿಕೊಳ್ಳುತ್ತಿದ್ದ ಅಶ್‌ಅರೀ ಗೋತ್ರದವರನ್ನು ಪ್ರವಾದಿವರ್ಯರು(ಸ) ತಮ್ಮವರೆಂದು ಕರೆದುದನ್ನು ಸಹೀಹ್ ಬುಖಾರಿಯಲ್ಲಿ ಕಾಣುತ್ತೇವೆ. ಅಲ್ಲಿ ಔದಾರ್ಯವೂ ಇತ್ತು, ಅಳತೆಯೂ ಇತ್ತು. ಸಾಲದ ವ್ಯವಹಾರ ಸಣ್ಣದಾದರೂ ಬರೆದಿಡಲು ಬೇಸರಿಸಬಾರದೆಂದು ಪವಿತ್ರ ಕುರ್‌ಆನಿನ ಅತಿ ದೀರ್ಘ ಸೂಕ್ತ (2:282) ಕಲಿಸುತ್ತದೆ.

ಆದ್ದರಿಂದ ವಸ್ತು ಕೊಳ್ಳುವ ದಿನವೇ ಯಾರ ಪಾಲೆಷ್ಟು, ಮನೆ ಬಿಡುವಾಗ ಅದಕ್ಕೆ ಬೆಲೆ ಕಟ್ಟುವುದು ಹೇಗೆ ಎಂಬುದನ್ನು ಬರೆದಿಡೋಣ. ಬಿಟ್ಟುಕೊಡುವ ಮನಸ್ಸುಳ್ಳವನು ಬಾಯಿಬಿಟ್ಟು ಹೇಳಲಿ. ಅದು ಅವನ ಪಾಲಿಗೆ ಸದಕವಾಗುವುದು. ಹೇಳದೆ ಹೋದವನ ಪಾಲು ಉಳಿದವರ ಕೊರಳಿನ ಸಾಲ. ಮಕ್ಕಳನ್ನು ದೂರದೂರಿಗೆ ಕಳುಹಿಸುವ ಹೆತ್ತವರು ಬುತ್ತಿಯೊಂದಿಗೆ ಈ ಮಾತನ್ನೂ ಕಟ್ಟಿಕೊಡಲಿ.